ಮೊಗ್ಲಿಂಗ್ ಕೈಬಿಡದ ಪುಸ್ತಕ

ಜುಲೈ 1 ಬಂತೆಂದರೆ ಮೂಡಿಗೆರೆ, ಕಳಸ, ಚಿಕ್ಕಮಗಳೂರು ಕಡೆಯೆಲ್ಲ ಮಳೆ ಹಿಡಿದಿರುತ್ತದೆ. ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆದರೂ ಪತ್ರಿಕಾ ದಿನಾಚರಣೆ ಮಾತ್ರ ತಪ್ಪುವುದಿಲ್ಲ. ವೇದಿಕೆಯ ಮೇಲೆ ಗಡ್ಡದ ಹರ್ಮನ್ ಮೊಗ್ಲಿಂಗ್ ಅವರ ಫೋಟೊ ಇಡುತ್ತಾರೆ, ಹಾರ ಹಾಕುತ್ತಾರೆ. ಜರ್ಮನಿಯಿಂದ ಬಂದು 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದ ಮಹನೀಯರು ಎಂದು ಭಾಷಣವಾಗುತ್ತದೆ. ಅವರು ಏಕೆ ಬಂದರು, ಏನನ್ನು ನಂಬಿ ಬಂದರು ಎಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಿದರೆ ಸಭೆಯಲ್ಲಿ ಮುಜುಗರವಾಗುತ್ತದೆ ಎಂದೋ ಏನೋ, ಆ ಭಾಗ ಹಾರಿಸಿಬಿಡುತ್ತಾರೆ.

ನಮ್ಮದು ಭಾನುವಾರ ತಪ್ಪದೆ ಸಭೆಗೆ ಹೋಗುವ ಮನೆ. ಹಾಗಾಗಿ ನನಗೆ ಆ ಹಾರಿಸಿದ ಭಾಗದ ಮೇಲೇ ಕುತೂಹಲ. ಅಲ್ಲಿ ನಮಗೆ ಸತ್ಯವೇದದಲ್ಲಿ ಗಟ್ಟಿಯಾಗಿ ನಿಲ್ಲಬೇಕೆಂದು ಹೇಳುತ್ತಾರೆ. ಗಟ್ಟಿಯಾಗಿ ನಿಲ್ಲುವುದೆಂದರೆ ದಾಸರ ಪದ ಕೇಳಬಾರದು, ವಚನ ಓದಬಾರದು, ಅವರ ಹಬ್ಬದ ಊಟಕ್ಕೆ ಹೋಗಬಾರದು ಎಂದು ಕೆಲವರು ಅರ್ಥ ಮಾಡಿಕೊಂಡಿದ್ದಾರೆ. ಕಾಲೇಜಿನಲ್ಲಿ ಇನ್ನೊಂದು ಬಗೆಯವರು ಸಿಗುತ್ತಾರೆ. ಮಿಷನರಿಗಳು ಕನ್ನಡಕ್ಕೆ ಮಾಡಿದ್ದೆಲ್ಲ ಗಾಳದ ತುದಿಯ ಹುಳ ಅಷ್ಟೇ ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಮೊಗ್ಲಿಂಗ್ ಅವರ ಬದುಕು ಈ ಇಬ್ಬರ ಲೆಕ್ಕಕ್ಕೂ ಸಿಗುವುದಿಲ್ಲ.

ಅವರು ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಓದಿದ್ದು ಟ್ಯೂಬಿಂಗನ್‌ನಲ್ಲಿ, ದೇವಶಾಸ್ತ್ರ. ಈ ಟ್ಯೂಬಿಂಗನ್ ಸಾಮಾನ್ಯ ಜಾಗವಲ್ಲ. ಅಂದಿನ ಯುರೋಪಿನಲ್ಲಿ ಬೈಬಲ್ ಮೇಲೆ ಅತಿ ಹೆಚ್ಚು ಪ್ರಶ್ನೆಗಳು ಎದ್ದ ಊರುಗಳಲ್ಲಿ ಅದೂ ಒಂದು. ಅಲ್ಲಿ ಪಾಠ ಹೇಳುತ್ತಿದ್ದ ಡಾವಿಡ್ ಸ್ಟ್ರೌಸ್ 1835ರಲ್ಲಿ ಯೇಸುವಿನ ಜೀವನದ ಬಗ್ಗೆ ಒಂದು ಪುಸ್ತಕ ಬರೆದು, ಸುವಾರ್ತೆಗಳಲ್ಲಿ ಬರುವ ಪವಾಡಗಳು ನಡೆದ ಸಂಗತಿಗಳಲ್ಲ, ಭಕ್ತರ ಮನಸ್ಸು ಕಟ್ಟಿದ ಪುರಾಣ ಎಂದು ವಾದಿಸಿದರು. ದೊಡ್ಡ ಗಲಾಟೆಯಾಯಿತು, ಅವರ ಕೆಲಸವೂ ಹೋಯಿತು. ಮೊಗ್ಲಿಂಗ್ ಓದಿದ್ದು ಈ ಗಾಳಿ ಏಳುತ್ತಿದ್ದ ಕಾಲದಲ್ಲಿ. ಪ್ರಶ್ನೆಗಳೇ ಗೊತ್ತಿಲ್ಲದ ಹಳ್ಳಿಯ ಮುಗ್ಧ ಭಕ್ತ ಅವರಾಗಿರಲಿಲ್ಲ. ಪ್ರಶ್ನೆಗಳನ್ನು ಕೇಳಿ, ತತ್ವಶಾಸ್ತ್ರದ ದೊಡ್ಡ ಮಾತುಗಳ ನಡುವೆ ಕೂತು, ಕೊನೆಗೆ ಪುಸ್ತಕವನ್ನು ಬಿಡದೆ ಹಿಡಿದುಕೊಂಡವರು. ನನಗೆ ಇದು ಮುಖ್ಯ ಅನ್ನಿಸುತ್ತದೆ. ಗೊತ್ತಿಲ್ಲದೆ ನಂಬುವುದು ಬೇರೆ, ಗೊತ್ತಿದ್ದೂ ನಂಬುವುದು ಬೇರೆ.

ಟ್ಯೂಬಿಂಗನ್‌ನಲ್ಲೇ ಅವರಿಗೆ ಜೀವದ ಗೆಳೆಯನೊಬ್ಬ ಸಿಕ್ಕ. ಮುಂದೆ ಮಲಯಾಳಕ್ಕೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್. ಒಂದೇ ಹೆಸರಿನ ಇಬ್ಬರು ಗೆಳೆಯರು, ಒಬ್ಬರು ಕನ್ನಡದ ಪಾಲಿಗೆ ಬಂದರು, ಇನ್ನೊಬ್ಬರು ಮಲಯಾಳದ ಪಾಲಿಗೆ ಹೋದರು. ಕಾದಂಬರಿಕಾರ ಹರ್ಮನ್ ಹೆಸ್ಸೆ ಈ ಗುಂಡರ್ಟ್ ಅವರ ಮೊಮ್ಮಗ.

ಬಾಸೆಲ್ ಮಿಷನ್ ಭಾರತಕ್ಕೆ ಕಾಲಿಟ್ಟದ್ದು 1834ರಲ್ಲಿ. ಎರಡು ವರ್ಷದ ನಂತರ, 1836ರಲ್ಲಿ, ಮೊಗ್ಲಿಂಗ್ ಬಂದರು. ವಯಸ್ಸು 25. ಧಾರವಾಡದ ಕಡೆಗೆ ಹೋಗಿ ಸ್ವಲ್ಪ ಕಾಲ ಇದ್ದು, ಆಮೇಲೆ ಮಂಗಳೂರಿನಲ್ಲಿ ನೆಲೆ ನಿಂತರು. ಹುಡುಗರಿಗಾಗಿ ಶಾಲೆ ನಡೆಸಿದರು, ಉಪದೇಶಿಗಳನ್ನು ತಯಾರು ಮಾಡಿದರು. ನಮ್ಮ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ ದಾಟಿ ಮಂಗಳೂರಿಗೆ ಹೋದರೆ ಬಲ್ಮಠ ಎಂಬ ಗುಡ್ಡ ಸಿಗುತ್ತದೆ. ಮಿಷನ್ ಕೆಲಸದ ಕೇಂದ್ರ ಅದೇ ಆಗಿತ್ತು. ಈಗಲೂ ಅಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ.

ಆ ದಿನಗಳ ಬಗ್ಗೆ ನನಗೆ ಹೆಚ್ಚು ಇಷ್ಟವಾಗುವುದು ಅವರು ಬದುಕಿದ ರೀತಿ. ಬಿಳಿಯರಿಗೆ ದೊಡ್ಡ ಬಂಗಲೆ, ಬಟ್ಲರು, ಮೇನೆ ಇದ್ದ ಕಾಲ. ಮೊಗ್ಲಿಂಗ್ ಶಾಲೆಯ ಹುಡುಗರ ಜೊತೆಯಲ್ಲೇ ಇದ್ದುಕೊಂಡು ಅವರ ಅನ್ನವನ್ನೇ ಉಂಡರು. ಮಿಷನರಿಗಳೆಲ್ಲರೂ ಖರ್ಚು ಇಳಿಸಿ ಈ ದೇಶದವರಂತೆ ಸರಳವಾಗಿ ಬದುಕಬೇಕು ಎಂದು ಬಾಸೆಲ್ಲಿನ ಸಮಿತಿಗೆ ಬರೆದರು. ಸಮಿತಿ ಒಪ್ಪಲಿಲ್ಲ, ಜೊತೆಗಾರರಲ್ಲೂ ಹಲವರಿಗೆ ಇದು ಅತಿಯೆನಿಸಿತು. ತಲೆ ಇಡಲೂ ಜಾಗವಿಲ್ಲದೆ ತಿರುಗಿದ ಯೇಸುವಿನ ಬಗ್ಗೆ ಬಂಗಲೆಯ ಜಗಲಿಯಲ್ಲಿ ಕೂತು ಹೇಳಿದರೆ ಕೇಳುವವರಿಗೆ ಏನನ್ನಿಸೀತು ಎಂಬುದು ಅವರ ಚಿಂತೆ. ಸತ್ಯವೇದವನ್ನು ಹಿಡಿದುಕೊಳ್ಳುವುದು ಎಂದರೆ ಅವರಿಗೆ ಮೊದಲು ತಮ್ಮ ತಟ್ಟೆಯನ್ನೂ ಸಂಬಳವನ್ನೂ ನೋಡಿಕೊಳ್ಳುವುದಾಗಿತ್ತು. ಬೇರೆಯವರ ಮನೆಯ ದೀಪದ ಬಗ್ಗೆ ಮಾತಾಡುವುದು ಆಮೇಲೆ. ಇಂದಿನ ಕೆಲವು ದೊಡ್ಡ ದೊಡ್ಡ ಪ್ರಾರ್ಥನಾ ಕೂಟಗಳ ಪೋಸ್ಟರುಗಳನ್ನು ನೋಡುವಾಗ ನನಗೆ ಇದು ನೆನಪಾಗುತ್ತದೆ.

ಮಂಗಳೂರಿನಲ್ಲಿ 1841ರಲ್ಲಿ ಮಿಷನ್ ಕಲ್ಲಚ್ಚಿನ ಮುದ್ರಣ ಶುರು ಮಾಡಿತು. ಅಚ್ಚಿನ ಮೊಳೆ ಜೋಡಿಸುವ ಕೆಲಸ ಇದರಲ್ಲಿಲ್ಲ. ಕೈಬರಹವನ್ನೇ ಕಲ್ಲಿಗೆ ಇಳಿಸಿ, ಶಾಯಿ ಹಚ್ಚಿ, ಕಾಗದ ಒತ್ತುವುದು. ಮಂಗಳೂರ ಸಮಾಚಾರ ಹೀಗೆಯೇ ಬಂತು, 15 ದಿನಕ್ಕೊಮ್ಮೆ, ನಾಲ್ಕು ಪುಟ. ಊರಿನ ಸುದ್ದಿ, ಸರ್ಕಾರದ ಆಜ್ಞೆ, ಬೇರೆ ದೇಶಗಳ ವರ್ತಮಾನ, ಕಥೆ, ಬುದ್ಧಿಮಾತು ಎಲ್ಲವೂ ಇತ್ತು. ಪುರಂದರದಾಸರ ಪದವೂ ಇತ್ತು. ಕ್ರೈಸ್ತ ಮಿಷನರಿಯೊಬ್ಬರು ನಡೆಸುವ ಪತ್ರಿಕೆಯಲ್ಲಿ ವಿಠಲನ ಅಂಕಿತದ ಪದ! ಪತ್ರಿಕೆ ಮಂಗಳೂರಿನಲ್ಲಿ ವರ್ಷವನ್ನೂ ತುಂಬಲಿಲ್ಲ. 1844ರಲ್ಲಿ, ಮೊಳೆ ಅಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರ ಎಂದಾಯಿತು. ಅಲ್ಲೂ ಹೆಚ್ಚು ಕಾಲ ಬಾಳಲಿಲ್ಲ.

ಪತ್ರಿಕೆ ನಡೆಯುತ್ತಿದ್ದ ಅದೇ ಚಳಿಗಾಲದಲ್ಲಿ ಮಂಗಳೂರು ಕುದಿಯಿತು. 1844ರ ಜನವರಿಯಲ್ಲಿ ಮೂವರು ಸಾರಸ್ವತ ಬ್ರಾಹ್ಮಣ ಯುವಕರು ದೀಕ್ಷಾಸ್ನಾನ ಪಡೆದರು. ಅವರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯ. ಹುಟ್ಟಿದ್ದು 1825ರಲ್ಲಿ, ಅಂದರೆ ಆಗ ಅವರಿಗೆ ಇನ್ನೂ 20 ತುಂಬಿರಲಿಲ್ಲ. ನಮ್ಮಲ್ಲಿ ಆ ವಯಸ್ಸಿನವರು ಡಿಗ್ರಿ ಎರಡನೇ ವರ್ಷದಲ್ಲಿರುತ್ತಾರೆ, ಕಾಲೇಜು ಬಸ್ಸಿನಲ್ಲಿ ಕಿಟಕಿ ಸೀಟಿಗೆ ಜಗಳವಾಡುತ್ತಿರುತ್ತಾರೆ. ಮಿಷನ್ನಿನ ಇಂಗ್ಲಿಷ್ ಶಾಲೆಗೆ ಮಕ್ಕಳನ್ನು ಕಳಿಸಿದ್ದ ಮನೆಗಳವರು ಹೌಹಾರಿ ಮಕ್ಕಳನ್ನು ಬಿಡಿಸಿಕೊಂಡರು. ಹುಡುಗರು ಜಾತಿಯಿಂದ ಹೊರಗಾದರು. ಆನಂದರಾಯರ ಹೆಸರಿನ ಮುಂದೆ ಹರ್ಮನ್ ಎಂಬ ಹೆಸರು ಸೇರಿತು. ಅದು ಗುರುವಿನದೂ ಹೌದು.

ಇಲ್ಲಿ ಓದುಗರು ಎರಡು ಕಡೆಯನ್ನೂ ನೋಡಬೇಕೆಂದು ನನ್ನ ಆಸೆ. ಮಗನನ್ನು ಇಂಗ್ಲಿಷ್ ಕಲಿಯಲಿ ಎಂದು ಕಳಿಸಿದ ಮನೆಯವರಿಗೆ ಅದು ಮಗ ಬದುಕಿದ್ದೂ ಸತ್ತಂತೆ. ಆ ನೋವನ್ನು ಚಿಕ್ಕದು ಮಾಡಿ ಹೇಳುವ ಕ್ರೈಸ್ತ ಜೀವನಚರಿತ್ರೆಗಳು ನನಗೆ ಹಿಡಿಸುವುದಿಲ್ಲ. ಆದರೆ ಹುಡುಗನ ಕಡೆಯಿಂದ ನೋಡಿ. ಮನೆ, ಆಸ್ತಿ, ಮದುವೆ, ಮರ್ಯಾದೆ ಎಲ್ಲವೂ ಒಂದು ತಕ್ಕಡಿಯಲ್ಲಿ. ಇನ್ನೊಂದು ತಕ್ಕಡಿಯಲ್ಲಿ ಓದಿ ಒಪ್ಪಿಕೊಂಡ ಒಂದು ಸತ್ಯ ಮಾತ್ರ. ಇದನ್ನು ಆಮಿಷ ಎಂದು ಕರೆಯುವುದು ಹೇಗೆ? ಅವರು ಕಳೆದುಕೊಂಡದ್ದೇ ಹೆಚ್ಚು. 1846ರಲ್ಲಿ ಮೊಗ್ಲಿಂಗ್ ಅವರೇ ಅವರನ್ನು ಯುರೋಪಿಗೆ ಕರೆದೊಯ್ದರು. ಬಾಸೆಲ್ಲಿನಲ್ಲಿ ದೇವಶಾಸ್ತ್ರ ಓದಿ, 1851ರಲ್ಲಿ ಸಭಾಪಾಲಕರಾಗಿ ದೀಕ್ಷೆ ಪಡೆದು ಕೌಂಡಿನ್ಯ ಊರಿಗೆ ಮರಳಿದರು. ಬಾಸೆಲ್ ಮಿಷನ್ನಿನ ಮಿಷನರಿಯಾದ ಮೊದಲ ಭಾರತೀಯ ಅವರು.

ಇದೆಲ್ಲದರ ನಡುವೆಯೇ ಮೊಗ್ಲಿಂಗ್ ಕೈಗೆ ಹಾಕಿಕೊಂಡ ಕೆಲಸ ಕೇಳಿದರೆ ಆಶ್ಚರ್ಯವಾಗುತ್ತದೆ. 1848ರಿಂದ 1853ರವರೆಗೆ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕೃತಿಗಳನ್ನು ಒಂದೊಂದಾಗಿ ಅಚ್ಚು ಮಾಡಿಸಿದರು. ಜೈಮಿನಿ ಭಾರತ, ಬಸವಪುರಾಣ, ಚನ್ನಬಸವಪುರಾಣ, ದಾಸರ ಪದಗಳು. ಅದುವರೆಗೆ ಇವೆಲ್ಲ ಮಠಗಳಲ್ಲಿ, ಮನೆಗಳ ಅಟ್ಟದಲ್ಲಿ, ಓಲೆಗರಿಯ ಕಟ್ಟುಗಳಲ್ಲಿ ಇದ್ದವು. ಕ್ಯಾಸಮೇಜರ್ ಎಂಬ ನಿವೃತ್ತ ಬ್ರಿಟಿಷ್ ಅಧಿಕಾರಿ ಹಣ ಕೊಟ್ಟರು. ಬೇರೆ ಬೇರೆ ಪ್ರತಿಗಳನ್ನು ತರಿಸಿ, ಪಾಠ ಹೋಲಿಸಿ, ಅಂದವಾಗಿ ಬರೆಯುವವರಿಂದ ಬರೆಸಿ, ಕಲ್ಲಚ್ಚಿನಲ್ಲಿ ತೆಗೆದರು. ದಾಸರ ಪದಗಳ ಸಂಪುಟ ಬಂದದ್ದು 1850ರಲ್ಲಿ, ಅದರಲ್ಲಿ 170ಕ್ಕೂ ಹೆಚ್ಚು ಪದಗಳಿದ್ದವು. ಇವತ್ತು ಭಜನಾ ಮಂಡಳಿಗಳಲ್ಲಿ ಪುಸ್ತಕ ಹಿಡಿದು ಹಾಡುವವರಿಗೆ, ದಾಸರ ಪದಗಳನ್ನು ಮೊದಲು ಒಟ್ಟುಮಾಡಿ ಅಚ್ಚಿಗೆ ಹಾಕಿದವರು ಒಬ್ಬ ಪಾದ್ರಿ ಎಂದು ಹೇಳಿದರೆ ಎಷ್ಟು ಜನ ನಂಬುತ್ತಾರೋ.

ಹಾಗಾದರೆ ಅವರ ನಂಬಿಕೆ ಸಡಿಲವಾಯಿತೇ? ಇಲ್ಲ. ಮೊಗ್ಲಿಂಗ್ ಬರೆದ ಕನ್ನಡ ಪುಸ್ತಿಕೆಗಳನ್ನು ನೋಡಿದವರಿಗೆ ಗೊತ್ತು, ವಿಗ್ರಹಾರಾಧನೆಯ ಬಗ್ಗೆ ಅವರು ಮುಲಾಜಿಲ್ಲದೆ, ಕೆಲವೊಮ್ಮೆ ಚುಚ್ಚುವಂತೆ ಬರೆಯುತ್ತಾರೆ. ಎಲ್ಲ ದಾರಿಯೂ ಒಂದೇ ಊರಿಗೆ ಹೋಗುತ್ತದೆ ಎಂದು ಅವರು ಎಂದೂ ಒಪ್ಪಲಿಲ್ಲ. ರಕ್ಷಣೆ ಕ್ರಿಸ್ತನಲ್ಲಿ ಮಾತ್ರ ಎಂಬುದು ಅವರು ಸಾಯುವ ತನಕ ಹಿಡಿದ ಮಾತು. ಆದರೆ ಯಾರಿಗೆ ಹೇಳುತ್ತೇವೋ ಅವರ ಮನಸ್ಸಿನಲ್ಲಿ ಏನಿದೆ, ಯಾವ ಹಾಡು ಅವರನ್ನು ಅಳಿಸುತ್ತದೆ, ಯಾವ ಕಥೆ ನಗಿಸುತ್ತದೆ ಎಂದು ತಿಳಿಯದೆ ಸುವಾರ್ತೆ ಹೇಳುವುದು ಗೋಡೆಗೆ ಹೇಳಿದಂತೆ ಎಂಬುದೂ ಅವರಿಗೆ ಗೊತ್ತಿತ್ತು. ಹಾಗೆ ಶುರುವಾದದ್ದು ಅಲ್ಲಿಗೇ ನಿಲ್ಲಲಿಲ್ಲ ಎಂಬುದು ನನ್ನ ಅಂದಾಜು. ಗಾಳಕ್ಕೆ ಹುಳ ಸಿಕ್ಕಿಸುವವನು ಪ್ರತಿಗಳನ್ನು ಹೋಲಿಸಿ ತಪ್ಪು ಅಕ್ಷರ ತಿದ್ದುತ್ತಾ ಕೂರುವುದಿಲ್ಲ. ಪ್ರೀತಿ ಹುಟ್ಟಿದ ಮೇಲೇ ಅಂಥ ತಾಳ್ಮೆ ಬರುವುದು. ತಾನು ನಂಬದ ದೇವರ ಹಾಡನ್ನು ಒಂದು ಅಕ್ಷರ ತಿರುಚದೆ ಅಚ್ಚು ಮಾಡುವುದು ಕೂಡ ಸತ್ಯಕ್ಕೆ ನಿಲ್ಲುವ ಒಂದು ಬಗೆಯೇ ಅಲ್ಲವೇ.

ಸತ್ಯವೇದದ ಕನ್ನಡವೂ ಆಗ ಸರಿಹೋಗಬೇಕಿತ್ತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಇಡೀ ಬೈಬಲನ್ನು ಕನ್ನಡಕ್ಕೆ ತಂದು 1831ರ ಹೊತ್ತಿಗೆ ಮುಗಿಸಿದ್ದರು. ಮೊದಲ ಅನುವಾದವೆಂದ ಮೇಲೆ ಒರಟುತನ ಇದ್ದೇ ಇರುತ್ತದೆ. ಅದನ್ನು ತಿದ್ದುವ ಕೆಲಸಕ್ಕೆ ಬಾಸೆಲ್ ಮಿಷನ್ನಿನವರೂ ಕೈಹಾಕಿದರು. ಮೊಗ್ಲಿಂಗ್ ಅವರ ಸಂಗಡಿಗ ಗಾಟ್‌ಫ್ರೀಡ್ ವೈಗ್ಲೆ ಇದರಲ್ಲೇ ದುಡಿದು 1855ರಲ್ಲಿ ತೀರಿಕೊಂಡರು. ಮುಂದೆ ಮೊಗ್ಲಿಂಗ್ ಅವರ ವಿಧವೆ ಪೌಲೀನ್ ಅವರನ್ನು ಮದುವೆಯಾದರು.

ಇನ್ನು ಕಾಫಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಗುಡ್ಡಗಳ ಹುಡುಗರಿಗೆ ಈ ಕಥೆಯಲ್ಲಿ ಹತ್ತಿರವಾದ ಭಾಗ ಅದು.

ಕೊಡಗಿನ ಆಳ್ಮಂಡ ಸೋಮಯ್ಯ ಎಂಬವರು ಕ್ರೈಸ್ತರಾಗಬೇಕೆಂದು ಘಟ್ಟ ಇಳಿದು ಮಂಗಳೂರಿಗೆ ಬಂದರು. ಸ್ಟೆಫಾನಸ್ ಎಂಬ ಹೆಸರು ಪಡೆದರು. ಊರಿಗೆ ಮರಳುವುದು ಸುಲಭವಿರಲಿಲ್ಲ. ಕೊಡವರಲ್ಲಿ ಐನ್‌ಮನೆ ಬಿಟ್ಟು ಬದುಕು ಎಂಬುದೇ ಇಲ್ಲ, ಐನ್‌ಮನೆಗೆ ಈ ಹೊಸ ವಿಶ್ವಾಸ ಬೇಡ. ಆಗ ಮೊಗ್ಲಿಂಗ್ ಅವರೊಂದಿಗೆ ತಾವೇ ಘಟ್ಟ ಹತ್ತಿದರು. ಅದು 1853. ಆರೋಗ್ಯ ಆಗಲೇ ಕೆಟ್ಟಿತ್ತು. ಕೊಡಗಿನಲ್ಲಿ ಇದ್ದುಕೊಂಡು ಅಲ್ಲಿನ ಚರಿತ್ರೆ, ಆಚಾರ, ರಾಜರ ಕಾಲದ ಸಂಗತಿಗಳನ್ನು ಕಲೆಹಾಕಿ 1855ರಲ್ಲಿ ಕೂರ್ಗ್ ಮೆಮೊಯಿರ್ಸ್ ಎಂಬ ಇಂಗ್ಲಿಷ್ ಪುಸ್ತಕ ಬರೆದರು.

ಅಲ್ಲಿ ಅವರಿಗೆ ಎದುರಾದದ್ದು ಹೊಲೆಯರ ಸ್ಥಿತಿ. ಕಂಪನಿ ಸರ್ಕಾರ 1843ರಲ್ಲಿ ಕಾನೂನು ಮಾಡಿ ಗುಲಾಮಗಿರಿಗೆ ಕೋರ್ಟಿನಲ್ಲಿ ಮಾನ್ಯತೆ ಇಲ್ಲ ಎಂದಿತ್ತು. ಕಾಗದದ ಮೇಲೆ ಇದ್ದದ್ದು ಗದ್ದೆಗೆ ಇಳಿಯಲು ಕಾಲ ಬೇಕು. ಒಡೆಯನ ಭೂಮಿಗೆ ಕಟ್ಟಿಕೊಂಡೇ ಹುಟ್ಟಿ, ಅಲ್ಲೇ ಸಾಯುವ ಜನ ಅವರು. ಇವರಲ್ಲಿ ಕೆಲವರು ಹೊಸ ಬೋಧನೆ ಕೇಳಲು ಬಂದಾಗ, ಬಂದವರಿಗೆ ಒಡೆಯರ ಕಡೆಯಿಂದ ತೊಂದರೆಯಾಯಿತು. ಬಾಯಿಮಾತಿನ ಉಪದೇಶ ಸಾಲದು, ನಿಲ್ಲಲು ನೆಲ ಬೇಕು. ಆಗ ಹಣ ಹಾಕಿದವರು ಹರ್ಮನ್ ಆನಂದರಾವ್ ಕೌಂಡಿನ್ಯ. 1850ರ ದಶಕದ ಕೊನೆಯಲ್ಲಿ ಜಮೀನು ತೆಗೆದುಕೊಂಡು, ಅಲ್ಲಿ ಆ ಕುಟುಂಬಗಳನ್ನು ನೆಲೆಗೊಳಿಸಿ, ಕಾಫಿ ಹಾಕಿಸಿದರು. ಆ ಊರು ಆನಂದಪುರ.

ಈ ಚಿತ್ರವನ್ನು ಸ್ವಲ್ಪ ಹೊತ್ತು ಕಣ್ಣಮುಂದೆ ಇಟ್ಟುಕೊಳ್ಳಿ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಹುಡುಗ, ಕೊಡಗಿನ ಹೊಲೆಯರಿಗಾಗಿ ತನ್ನ ದುಡ್ಡಿನಲ್ಲಿ ತೋಟ ಮಾಡುತ್ತಾನೆ. ಅವರೊಂದಿಗೆ ಒಂದೇ ಸಭೆಯಲ್ಲಿ ಕೂರುತ್ತಾನೆ, ಕರ್ತನ ಭೋಜನದಲ್ಲಿ ಒಂದೇ ರೊಟ್ಟಿ ಮುರಿಯುತ್ತಾನೆ. ಕ್ರಿಸ್ತನಲ್ಲಿ ಆಳು ಒಡೆಯ ಎಂಬ ಭೇದವಿಲ್ಲ ಎಂದು ಪೌಲನು ಬರೆದದ್ದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಕೇಳಿ ಹೊರಗೆ ಬಂದು, ಮದುವೆಯ ಮಾತು ಬಂದಾಗ ಮೂಲ ಯಾವುದು ಎಂದು ಮೆಲ್ಲಗೆ ವಿಚಾರಿಸುತ್ತೇವೆ. ನಮ್ಮ ಕಡೆಯ ಸಭೆಗಳಲ್ಲೂ ಇದು ನಡೆಯುತ್ತದೆ, ಸುಳ್ಳೇಕೆ ಹೇಳಲಿ. ದಾಸರ ಪದ ಕೇಳಿದರೆ ವಿಶ್ವಾಸ ಕೆಡುತ್ತದೆ ಎನ್ನುವವರು ಈ ವಿಚಾರಣೆಯಿಂದ ಏನೂ ಕೆಡುವುದಿಲ್ಲ ಎಂದುಕೊಂಡಿರುವುದು ನನಗೆ ಅರ್ಥವಾಗದ ಸಂಗತಿ.

ಆನಂದಪುರದ ಬಗ್ಗೆ ಓದುವಾಗ ನನ್ನ ಮನಸ್ಸು ಪೂರಾ ನಿರಾಳವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಅದೇ ದಶಕಗಳಲ್ಲಿ ನಮ್ಮ ಕಡೆಯ ಗುಡ್ಡಗಳಲ್ಲೂ ಬ್ರಿಟಿಷ್ ಪ್ಲಾಂಟರುಗಳು ಕಾಡು ಕಡಿದು ಕಾಫಿ ಹಾಕುತ್ತಿದ್ದರು. ಲೈನ್ ಮನೆಗಳು ಎದ್ದವು. ಕುಯ್ಲು, ಮರಗಸಿ, ಕಣದ ಕೆಲಸಕ್ಕೆ ಘಟ್ಟದ ಕೆಳಗಿನಿಂದಲೂ ಬಯಲು ಸೀಮೆಯಿಂದಲೂ ಜನ ಬಂದರು. ತೋಟದಲ್ಲಿ ಮನೆ ಕೊಟ್ಟವನೇ ಕೂಲಿ ಕೊಡುವವನೂ ಆದರೆ, ಕೂಲಿಯವನಿಗೆ ಒಲ್ಲೆ ಎನ್ನುವ ಧೈರ್ಯ ಬರುವುದು ಕಷ್ಟ. ಇದು ತೋಟದಲ್ಲಿ ಬೆಳೆದ ಯಾರಿಗೂ ಗೊತ್ತು. ಆನಂದಪುರದಲ್ಲಿ ನೆಲ, ಕೆಲಸ, ಬೋಧನೆ ಮೂರೂ ಒಂದೇ ಕೈಯಿಂದ ಬಂದವು. ಮನಃಪೂರ್ವಕ ಒಪ್ಪಿ ಬಂದವರೂ ಇದ್ದಾರು, ಬೇರೆ ದಾರಿ ಕಾಣದೆ ಬಂದವರೂ ಇದ್ದಾರು. ಆದರೂ ಆ ಕಾಲದ ಕೊಡಗಿನಲ್ಲಿ ಹೊಲೆಯನೊಬ್ಬನಿಗೆ ಅಕ್ಷರ ಕಲಿಸಿ, ಸರೀಕನಂತೆ ಹೆಸರು ಹಿಡಿದು ಕರೆದ ಜಾಗ ಬೇರೆಷ್ಟಿದ್ದವು? ನನ್ನ ಅನುಮಾನ ಮತ್ತು ನನ್ನ ಮೆಚ್ಚುಗೆ ಎರಡೂ ಜೊತೆಗೇ ಇರುತ್ತವೆ.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಮೊಗ್ಲಿಂಗ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, ಕನ್ನಡದ ಕೆಲಸಕ್ಕಾಗಿ. ಬೈಬಲನ್ನು ಪುರಾಣವೆಂದ ಸ್ಟ್ರೌಸ್ ಅವರನ್ನು ಕೆಲಸದಿಂದ ತೆಗೆದದ್ದೂ ಟ್ಯೂಬಿಂಗನ್ನೇ, ಬೈಬಲನ್ನು ನಂಬಿ ಹೋದವರನ್ನು ಬಸವಪುರಾಣ ಅಚ್ಚು ಮಾಡಿದ್ದಕ್ಕೆ ಗೌರವಿಸಿದ್ದೂ ಟ್ಯೂಬಿಂಗನ್ನೇ. ತಮಾಷೆಯಾಗಿದೆ.

1860ರಲ್ಲಿ ಅವರು ಜರ್ಮನಿಗೆ ಮರಳಿದರು. ಕನ್ನಡ ನಾಡಿನಲ್ಲಿ ಕಳೆದದ್ದು ಸುಮಾರು 24 ವರ್ಷ. ಮತ್ತೆ ಬರಲಾಗಲಿಲ್ಲ. ಹೊರಡುವ ಮೊದಲು ಕೆಲಸ ಮುಂದುವರಿಸಬಲ್ಲ ಒಬ್ಬ ಕಿರಿಯರು ಇಲ್ಲಿಗೆ ಬಂದಾಗಿತ್ತು. 1853ರಲ್ಲಿ ಬಂದಿದ್ದ ಫರ್ಡಿನಾಂಡ್ ಕಿಟೆಲ್. ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಅದು ಎಲ್ಲರಿಗೂ ಗೊತ್ತಿರುವ ಕಥೆ.

ಜರ್ಮನಿಯಲ್ಲಿ ಮೊಗ್ಲಿಂಗ್ ಸುಮ್ಮನೆ ಕೂರಲಿಲ್ಲ. ಕೊಡಗಿನ ಬಗ್ಗೆ ಜರ್ಮನ್ ಭಾಷೆಯಲ್ಲಿ ಇನ್ನೊಂದು ಪುಸ್ತಕ 1866ರಲ್ಲಿ ಬಂತು. ಅದಕ್ಕಿಂತ ನನಗೆ ಮುಖ್ಯವೆನಿಸುವುದು, ಪೂರ್ವದೇಶಗಳ ಅಧ್ಯಯನಕ್ಕಾಗಿ ಇದ್ದ ಅಲ್ಲಿನ ವಿದ್ವತ್ ಪತ್ರಿಕೆಯಲ್ಲಿ 1860ರಿಂದ ಅವರು ಕನ್ನಡ ದಾಸರ ಪದಗಳನ್ನು ಜರ್ಮನ್‌ಗೆ ಅನುವಾದಿಸಿ ಪ್ರಕಟಿಸಿದ್ದು. ಅಲ್ಲಿ ಯಾರನ್ನೂ ಕ್ರೈಸ್ತರನ್ನಾಗಿ ಮಾಡುವುದಿರಲಿಲ್ಲ. ಓದುವವರೆಲ್ಲ ಆಗಲೇ ಕ್ರೈಸ್ತರು. ಗಾಳದ ಹುಳ ಎನ್ನುವ ನನ್ನ ಸ್ನೇಹಿತರು ಈ ಒಂದು ಸಂಗತಿಗೆ ಏನು ಹೇಳುತ್ತಾರೋ ಕೇಳಬೇಕು.

ಮೊಗ್ಲಿಂಗ್ 1881ರ ಮೇ 10ರಂದು ಎಸ್‌ಲಿಂಗನ್ ಎಂಬ ಊರಿನಲ್ಲಿ ತೀರಿಕೊಂಡರು. ಮರುವರ್ಷ ಹಳೆಯ ಗೆಳೆಯ ಗುಂಡರ್ಟ್ ಅವರ ಜೀವನಚರಿತ್ರೆ ಬರೆದು ಪ್ರಕಟಿಸಿದರು. ಇತ್ತ ಮಂಗಳೂರಿನಲ್ಲಿ ಹರ್ಮನ್ ಆನಂದರಾವ್ ಕೌಂಡಿನ್ಯ ಸೆಮಿನರಿಯಲ್ಲಿ ಪಾಠ ಹೇಳುತ್ತಾ, ಕನ್ನಡ ಬೈಬಲ್ ತಿದ್ದುವ ಕೆಲಸದಲ್ಲಿ ಕೈಜೋಡಿಸುತ್ತಾ ಇನ್ನೂ 12 ವರ್ಷ ಬದುಕಿದ್ದರು. ಅವರು ತೀರಿಕೊಂಡದ್ದು 1893ರಲ್ಲಿ.